ಅತ್ತೆ ತಿಕ್ಕಿದ ಬಟ್ಟಲು

ನಮ್ಮ ತಿಪಟೂರು ಸೀಮೆಯಲ್ಲಿ ಅಟ್ಟವೆಂದರೆ ಕೊಬ್ಬರಿಯ ತಪೋಭೂಮಿ. ತೋಟದಿಂದ ಬಂದ ಬಲಿತ ಕಾಯಿ ಅಲ್ಲಿಗೇರಿ, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುವ ತನಕ ಹತ್ತು ಹನ್ನೆರಡು ತಿಂಗಳ ಕಾಲ ಯಾರ ಗೊಡವೆಯೂ ಇಲ್ಲದೆ ಮಲಗಿರುತ್ತದೆ. ಅದು ಪಕ್ವವಾಯಿತೋ ಇಲ್ಲವೋ ಎಂಬುದನ್ನು ಬಲ್ಲವರು ಒಡೆದು ನೋಡುವುದಿಲ್ಲ, ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗಣ ಉಂಡೆ ಚಿಪ್ಪಿಗೆ ಲೊಟಲೊಟನೆ ಬಡಿಯುವ ಸದ್ದಿನಿಂದಲೇ ನಿರ್ಣಯಿಸುತ್ತಾರೆ. ಈ ಶ್ರವಣವಿದ್ಯೆಯನ್ನು ನನ್ನ ಸೋದರಮಾವ ಜಾವಾ ಮೋಟಾರು ಸೈಕಲ್ಲಿಗೂ ವಿಸ್ತರಿಸಿದ್ದರು. ಜಗಲಿಯ ಮೇಲೆ ಕಾಯಿ ಎಣಿಸುತ್ತ ಕುಳಿತವರು, ಬಿ.ಎಚ್. ರಸ್ತೆಯಲ್ಲಿ ಹಾದುಹೋದ ಗಾಡಿಯನ್ನು ಕತ್ತೆತ್ತಿಯೂ ನೋಡದೆ, "ಎಡಗಡೆ ಸೈಲೆನ್ಸರು ಮಸಿ ಕಟ್ಟಿದೆ, ಎಣ್ಣೆ ಜಾಸ್ತಿ ಬೆರೆಸಿದ್ದಾನೆ" ಎನ್ನುವರು. ಕಾಯಿಯ ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ.

ಅವರ ಅಟ್ಟದ ಮೂಲೆಯಲ್ಲಿ, ಕಾಯಿರಾಶಿಯ ಹಿಂದೆ, ಎರಡು ಹಿಡಿಕೆಯ ಬಹುಮಾನದ ಬಟ್ಟಲೊಂದಿದ್ದಿತು. ಬೆಂಗಳೂರಿನ ಹೊರವಲಯದ ಯಾವುದೋ ಬಯಲಿನ ಮಣ್ಣಿನ ರೇಸಿನಲ್ಲಿ ಮಾವನಿಗೆ ದೊರೆತ ಎರಡನೆಯ ಬಹುಮಾನವದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಂದ ಹೀಗೆ ಮೋಟಾರು ಸೈಕಲ್ಲೇರಿ ಪಂತಕ್ಕೆ ಹೋಗಿ ಬಂದವರ ವೃತ್ತಾಂತವನ್ನು, ಅದನ್ನು ಹೇಳಬಲ್ಲವರು ಇರುವಾಗಲೇ ಬರೆದಿಡಬೇಕೆಂಬ ನಿರುಪದ್ರವಿಯಾದ ಹುಚ್ಚೊಂದು ಮೂರು ವರ್ಷಗಳ ಹಿಂದೆ ನನಗೆ ಹಿಡಿದು, ಆ ಬಟ್ಟಲಿನಿಂದಲೇ ಆರಂಭ ಮಾಡಿದೆನು.

ಕಥೆಯ ಪೂರ್ವಾರ್ಧ ಮೈಸೂರಿನದು, ಆದುದರಿಂದ ನಿಶ್ಚಿತವಾದುದು. 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಂಪನಿಯವರು ಮರುವರ್ಷದಿಂದಲೇ ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾ ದೇಶದ ಈ ಗಾಡಿಯನ್ನು ತಯಾರಿಸತೊಡಗಿದರು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 250 ಸಿ.ಸಿ.ಯ ಆ ಗಾಡಿಗೆ ಒದೆಯುವ ಕಿಕ್ಕರೂ ಗೇರು ಬದಲಿಸುವ ಲಿವರೂ ಒಂದೇ, ಹಿಂದಕ್ಕೆ ತಿರುಗಿಸಿದರೆ ಅದು, ಮುಂದಕ್ಕೆ ಮಡಿಸಿದರೆ ಇದು. ಒಂದೇ ಉಪಕರಣದಿಂದ ಎರಡು ಕೆಲಸ ಮಾಡಿಸಿಕೊಳ್ಳುವ ಈ ಜಾಣತನವನ್ನು, ಮರವೊಂದರ ಗರಿ, ನಾರು, ಚಿಪ್ಪುಗಳಲ್ಲಿ ಯಾವುದನ್ನೂ ಎಸೆಯದ ನಮ್ಮ ತೋಟಗಾರರು ಕಂಡೊಡನೆ ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಉತ್ತರಾರ್ಧವಾದರೋ ಮಾವನ ಗಾಡಿಯ ಮೇಸ್ತ್ರಿಯ ಶೆಡ್ಡಿನಲ್ಲಿದ್ದಿತು. ರೇಸಿಗೆ ಗಾಡಿಯನ್ನು ಅಣಿಗೊಳಿಸುವುದೆಂದರೆ ಮೊದಲು ಅದನ್ನು ಬತ್ತಲೆ ಮಾಡುವುದು: ದೀಪ, ಮಡ್‌ಗಾರ್ಡು, ಸೈಲೆನ್ಸರುಗಳೆಲ್ಲ ಗೋಣಿಚೀಲಕ್ಕೆ. ಅನಂತರ ಸಿಲಿಂಡರಿನೊಳಗೆ ಹೊಗೆ ಹೊರಹೋಗುವ ಕಿಂಡಿಯ ಮೇಲಂಚನ್ನು ಅರ ಹಾಕಿ ಕೂದಲೆಳೆಯಷ್ಟು ಎತ್ತರಿಸುವುದು. ಕಿಂಡಿ ಬೇಗನೆ ತೆರೆದುಕೊಂಡಷ್ಟೂ ಎಂಜಿನ್ನು ವೇಗದಲ್ಲಿ ಹುಲಿ, ನಿಧಾನದಲ್ಲಿ ಬಡಕಲು ಎತ್ತು. ಆ ಬಾರಿ ಅರವು ಒಂದೆಳೆ ಹೆಚ್ಚಾಗಿ ಓಡಿದುದರಿಂದ, ತಿರುವು ದಾಟಿ ಗಾಡಿ ಚೇತರಿಸಿಕೊಳ್ಳುವಷ್ಟರಲ್ಲಿ ಮೊದಲ ಬಹುಮಾನ ಇನ್ನೊಬ್ಬರ ಪಾಲಾಯಿತೆಂದು ಮಾವನ ವಾದ. ಮೇಸ್ತ್ರಿಯನ್ನು ಕೇಳಿದರೆ, "ಅರ ಸರಿಯಾಗೇ ಇತ್ತು ಸ್ವಾಮಿ, ನಿಮ್ಮ ಮಾವನೋರು ತಿರುವಿನಲ್ಲಿ ಹೆದರಿ ಕೈ ಬಿಟ್ಟರು" ಎಂದನು. ಆ ರೇಸಿಗೆ ಸಾಕ್ಷಿಯಾದ ಎಂಜಿನ್ನು ಮುಂದೆ ಹತ್ಯಾಳು ಬೆಟ್ಟದ ಏರನ್ನು ಹತ್ತಲಾರದೆ ಉಸ್ಸೆಂದು ನಿಂತುಬಿಡುತ್ತಿದ್ದುದು ಮಾವನ ಪರವಾದ ಪ್ರಮಾಣವೆಂದೇ ನನ್ನ ಅಭಿಪ್ರಾಯ. ಮೇಸ್ತ್ರಿಯ ಎದುರಿಗೆ ಹೇಳಿಲ್ಲ.

ಈ ಇಬ್ಬರೂ ಒಮ್ಮೆ ಫೆಬ್ರವರಿಯಲ್ಲಿ ಮದರಾಸಿನ ಆಚೆಯ ಶೋಲಾವರಕ್ಕೂ ಹೋಗಿದ್ದರು. ಎರಡನೆಯ ಮಹಾಯುದ್ಧದ ಕಾಲದ, ವಿಮಾನಗಳು ಬಿಟ್ಟುಹೋದ ಓಡುಹಾದಿಯ ಮೇಲೆ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ವರ್ಷವರ್ಷವೂ ನಡೆಸುತ್ತಿದ್ದ ಆ ರೇಸು ನಮ್ಮವರಿಗೆ ಕಾಶಿಯಾತ್ರೆಯಿದ್ದಂತೆ. ಅಲ್ಲಿ ಯಾರು ಗೆದ್ದರೆಂಬುದು ಇಬ್ಬರಿಗೂ ಮರೆತಿದೆ. ಬಿಸಿಲಿನಲ್ಲಿ ಸುಟ್ಟ ಎಣ್ಣೆಯ ವಾಸನೆ ಮಾತ್ರ ಮೂಗಿನಲ್ಲಿಯೇ ಇದೆಯಂತೆ.

2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ದಕ್ಷಿಣ ಅಮೆರಿಕದ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರೆನಿಸಿದಾಗ ಅವರ ಸ್ಥಾನ 36 ಎಂಬುದು ಜಗತ್ತಿಗೆಲ್ಲ ತಿಳಿಯಿತು. ನನ್ನ ಮಾವನದು ಎರಡನೆಯ ಸ್ಥಾನ. ಆದರೆ ಯಾವ ವರ್ಷ? ಮಾವನಿಗೆ ನೆನಪಿಲ್ಲ, ಮೇಸ್ತ್ರಿಗೆ ಇಸವಿಗಳ ಹಂಗಿಲ್ಲ. ಬಟ್ಟಲಿನ ಮೇಲೆ ಕೆತ್ತಿರಲೇಬೇಕೆಂದು ಕೆಳಗಿಳಿಸಿ ಬಿಸಿಲಿಗೆ ಹಿಡಿದೆನು. ಬೆಳ್ಳಿಯ ಮೆರುಗು ಸಂಪೂರ್ಣ ಹೋಗಿ ಹಿತ್ತಾಳೆ ಬಂಗಾರದಂತೆ ಹೊಳೆಯುತ್ತಿದ್ದಿತು. ಅಕ್ಷರಗಳಿದ್ದ ಜಾಗದಲ್ಲಿ ಒಂದು ನಯವಾದ ತಗ್ಗು. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ, ಮಚ್ಚು ಕುಡುಗೋಲುಗಳೊಡನೆ ಆ ಬಟ್ಟಲನ್ನೂ ಇಳಿಸಿ, ಹುಣಸೆಹಣ್ಣು ಬೂದಿ ಹಾಕಿ, ಗಂಡನ ಕೀರ್ತಿಗೆ ಕಿಲುಬು ಹತ್ತಬಾರದೆಂದು ಅತ್ತೆ ಶ್ರದ್ಧೆಯಿಂದ ತಿಕ್ಕುತ್ತ ಬಂದಿದ್ದರು.

ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಜಾವಾ ಯೆಜ್ಡಿ ಭಕ್ತರು ನೂರಾರು ಗಾಡಿಗಳನ್ನು ನೆರೆಸುತ್ತಾರೆ. ಈ ವರ್ಷ ಅಲ್ಲಿಗೆ ಮಾವನ ಗಾಡಿಯನ್ನೂ ಬಟ್ಟಲನ್ನೂ ಒಯ್ಯಬೇಕೆಂದು, ಅಂಗಳದಲ್ಲಿ ಲೀಟರಿಗೆ ನಲವತ್ತು ಮಿಲಿಯ ಲೆಕ್ಕದಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುತ್ತ, ಇಸವಿಯೊಂದು ಸಿಗದೆ ಹೋಯಿತಲ್ಲ ಎಂದು ಪೇಚಾಡಿಕೊಳ್ಳುತ್ತಿದ್ದಾಗ, ಮೊರದಲ್ಲಿ ರಾಗಿ ಕೇರುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು:

"ಅದನ್ನ ನನ್ನ ಕೇಳಬಾರದಾ? ದೊಡ್ಡೋನು ಆಗ ಹೊಟ್ಟೇಲಿದ್ದ. ಅದಕ್ಕೇ ನಾನು ರೇಸು ನೋಡೋಕೆ ಹೋಗಲಿಲ್ಲ."

ಒಡನೆಯೇ ಭಾವನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆಸಿ, ಅದರಲ್ಲಿದ್ದ ಜನ್ಮದಿನಾಂಕದಿಂದ ಹಿಂದಕ್ಕೆ ಎಣಿಸಿ, ಪುಸ್ತಕದಲ್ಲಿ ಮಸಿಯಿಂದ ಬರೆದುಕೊಂಡೆನು. ಅತ್ತೆ ಮೊರವನ್ನು ಇಳಿಸಿ, ಸ್ವಲ್ಪ ಹೊತ್ತು ಯೋಚಿಸಿ, "ಆದರೆ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಒಂದು ವರ್ಷ ಜಾಸ್ತಿ ಬರಕೊಂಡಿದ್ರು ಕಣಪ್ಪ" ಎಂದರು.