ದೆವ್ವ ಹಿಡಿದ ಎಸ್ಟೀಮ್

ನಮ್ಮೂರು ಉಕ್ಕಡಗಾತ್ರಿ. ಬೆಂಗಳೂರಿನ ಆಫೀಸಿನಲ್ಲಿ ಊರಿನ ಹೆಸರು ಹೇಳಿದ ಕೂಡಲೇ ಕನ್ನಡದವರು ಕೇಳೋದು ಒಂದೇ ಪ್ರಶ್ನೆ: ‘ಓ, ದೆವ್ವ ಬಿಡಿಸೋ ಊರಲ್ವಾ?’ ಹೌದು, ಅದೇ. ಹರಿಹರ ತಾಲ್ಲೂಕು, ತುಂಗಭದ್ರೆಯ ದಂಡೆ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಅಮಾವಾಸ್ಯೆ ಬಂದರೆ ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹೊಳೆಯಲ್ಲಿ ಮುಳುಗಿ ಎದ್ದವರು ಒದ್ದೆ ಬಟ್ಟೆಯಲ್ಲೇ ಗದ್ದುಗೆ ಮುಂದೆ ತೂಗಾಡೋದನ್ನ ನೋಡುತ್ತಲೇ ಬೆಳೆದವನು ನಾನು. ಹಾಗಾಗಿ ನನ್ನ ಕಾರು ನಿಂತಲ್ಲೇ ತೂಗಾಡೋಕೆ ಶುರು ಮಾಡಿದಾಗ ನನಗೆ ಭಯ ಆಗಲಿಲ್ಲ, ಖುಷಿಯಾಯ್ತು.

ಕಾರು ಅಂದರೆ 1997ರ ಮಾರುತಿ ಎಸ್ಟೀಮ್. ಕೆಎ-17, ದಾವಣಗೆರೆ ನಂಬರ್. 1.3 ಲೀಟರ್ ಎಂಜಿನ್, ಕಾರ್ಬುರೇಟರ್. ಅಕ್ಕಿ ಮಿಲ್ ಸಾಹುಕಾರರೊಬ್ಬರು ಓಡಿಸಿ ಬಿಟ್ಟಿದ್ದನ್ನ ನಾನು ಕೆಲಸಕ್ಕೆ ಸೇರಿ ಒಂದಿಷ್ಟು ದುಡ್ಡು ಕೂಡಿಟ್ಟ ಮೇಲೆ ತಗೊಂಡೆ. ಸುಮ್ಮನೆ ಓಡಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ದೊಡ್ಡಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಗ್ರೈಂಡಿಂಗ್ ಮಷಿನ್ ಮೇಲೆ ಕೆಲಸ ಮಾಡಿದವರು. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕೊಟ್ಟ ಕಾರ್ಖಾನೆ ಅದು. ಅದು ಬಾಗಿಲು ಹಾಕಿದ ಮೇಲೆ ಹರಿಹರದಲ್ಲೇ ಸಣ್ಣ ಶೆಡ್ ಹಾಕಿಕೊಂಡು ಟ್ರ್ಯಾಕ್ಟರ್ ಕ್ರ್ಯಾಂಕು, ಪಂಪ್‌ಸೆಟ್ ಶಾಫ್ಟು ಅಂತ ಜೀವನ ನಡೆಸಿದರು. ‘ಮೈಕ್ರಾನ್ ಲೆಕ್ಕದಾಗ ಕೆಲಸ ಮಾಡಿದ ಕೈ ಇದು, ಈಗ ಕಬ್ಬಿಣ ಉಜ್ಜತೈತಿ’ ಅಂತ ಯಾವಾಗಲೂ ಅನ್ನೋರು. ಒಂದು ದಿನ ನಾನು ಹೋಗಿ, ‘ದೊಡ್ಡಪ್ಪಾ, ಕ್ಯಾಮ್‌ಶಾಫ್ಟ್ ಉಜ್ಜಿ ಕೊಡ್ತೀರಾ?’ ಅಂದೆ. ಅವರ ಕಣ್ಣು ಹೊಳೆದದ್ದು ಇನ್ನೂ ನೆನಪಿದೆ.

ಕ್ಯಾಮ್‌ಶಾಫ್ಟ್ ಅಂದರೆ ಎಂಜಿನ್ನಿನ ಮೂಗಿನ ಹೊಳ್ಳೆ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅಂತ ಹೇಳುವ ಉಬ್ಬುಗಳಿರೋ ಸಲಾಕೆ. ಪೆಟ್ರೋಲ್-ಗಾಳಿ ಒಳಗೆ ಬಿಡೋಕೆ ಒಂದು ವಾಲ್ವ್, ಹೊಗೆ ಹೊರಗೆ ಬಿಡೋಕೆ ಇನ್ನೊಂದು. ಉಬ್ಬಿನ ಬುಡವನ್ನ ಸುತ್ತಲೂ ತೆಳ್ಳಗೆ ಉಜ್ಜಿ ಆಕಾರ ಬದಲಿಸಿದರೆ ವಾಲ್ವ್ ಜಾಸ್ತಿ ಏರುತ್ತೆ, ಜಾಸ್ತಿ ಹೊತ್ತು ತೆರೆದಿರುತ್ತೆ. ಜೋರಾಗಿ ಓಡಿಸುವಾಗ ಎಂಜಿನ್ನಿಗೆ ಭರ್ತಿ ಉಸಿರು. ಆದರೆ ನಿಂತಾಗ? ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು ಹೆಚ್ಚಾಗಿ, ಉರಿದ ಹೊಗೆ ಹಿಂದಕ್ಕೆ ನುಗ್ಗುತ್ತೆ, ಉರಿಯದ ಪೆಟ್ರೋಲು ಸೀದಾ ಸೈಲೆನ್ಸರ್‌ಗೆ ಹೋಗುತ್ತೆ. ಒಂದು ಸಲ ಉರಿದರೆ ಇನ್ನೊಂದು ಸಲ ಉರಿಯಲ್ಲ. ಆ ತೂಗಾಟ ಅಲ್ಲಿಂದಲೇ. ‘ಧಡ್... ಧಡಧಡ್... ಧಡ್’. ಕಾರಿನ ಹುಚ್ಚು ಇರೋರಿಗೆ ಅದು ಸಂಗೀತ. ಹೆದ್ದಾರಿಯಲ್ಲಿ ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ ಆ ಮುದಿ ಎಸ್ಟೀಮ್ ಎದೆ ಉಬ್ಬಿಸಿ ಓಡೋದಿತ್ತಲ್ಲ, ಅದನ್ನ ಹೇಳಿ ತಿಳಿಸೋಕೆ ಆಗಲ್ಲ.

ಇನ್ನು ಹೊಗೆ ಟೆಸ್ಟು. ನಿಜ ಹೇಳಿಬಿಡ್ತೀನಿ, ವರ್ಷಗಟ್ಟಲೆ ನಾನು ಟೆಸ್ಟೇ ಮಾಡಿಸಿರಲಿಲ್ಲ. ಸರ್ಟಿಫಿಕೇಟ್ ಮಾತ್ರ ಆರು ತಿಂಗಳಿಗೊಮ್ಮೆ ತಪ್ಪದೆ ಇತ್ತು. ಗೊತ್ತಿದ್ದ ಒಂದು ಕಡೆ ನಂಬರ್ ಪ್ಲೇಟ್ ಫೋಟೋ ಹೊಡೆದು, ಪೈಪನ್ನ ಪಕ್ಕದ ಕಾರಿನ ಸೈಲೆನ್ಸರ್‌ಗೆ ಇಟ್ಟು ಪ್ರಿಂಟ್ ಕೊಟ್ಟುಬಿಡೋರು. ನನ್ನ ಕಾರಿಗೆ ಯಾವುದೋ ಆಲ್ಟೋದ ಉಸಿರು!

2022ರಲ್ಲಿ ಆರ್‌ಸಿ ನವೀಕರಣ ಬಂತು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಗಾಡಿ ತೋರಿಸಬೇಕಲ್ಲ. ಈ ಸಲವಾದರೂ ನಿಜವಾಗಿ ಎಷ್ಟು ಬರುತ್ತೆ ನೋಡೋಣ ಅಂತ ಗುರುತಿಲ್ಲದ ಕಡೆ ಹೋದೆ. ಹುಡುಗ ಪೈಪ್ ಇಟ್ಟ. ಸಿಓ ಶೇಕಡಾ 4.3, ಎಚ್‌ಸಿ 2,640 ಪಿಪಿಎಂ. ನಮ್ಮಂಥ ಹಳೇ, ಬಿಎಸ್-2ಕ್ಕೂ ಮುಂಚಿನ ಪೆಟ್ರೋಲ್ ಕಾರಿಗೆ ಮಿತಿ ಸಿಓ ಶೇಕಡಾ 3, ಎಚ್‌ಸಿ 1,500. ಬಿಎಸ್-4 ಕಾರಿಗಾದರೆ 0.3 ಮತ್ತು 200! ಅಂದರೆ ನಮಗೆ ಕೊಟ್ಟಿರೋದೇ ಉದಾರ ಮಿತಿ, ಅದರಲ್ಲೂ ಫೇಲು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ 1995ರಲ್ಲಿ ಕಡ್ಡಾಯ ಆಗಿದ್ದು ನಾಲ್ಕು ಮಹಾನಗರಗಳಲ್ಲಿ ಮಾತ್ರ. ದಾವಣಗೆರೆಯ ಎಸ್ಟೀಮಿಗೆ ಆ ಭಾಗ್ಯ ಇರಲಿಲ್ಲ.

ಭಾನುವಾರ ದೊಡ್ಡಪ್ಪನ ಶೆಡ್ಡಿನಲ್ಲಿ ಕೂತೆವು. ಸೋಲೋ ಮಾತೇ ಇಲ್ಲ. ಏರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದರೆ ಸಿಓ ಇಳಿಯುತ್ತೆ. ಆದರೆ ಅತಿಯಾದರೆ ಉರಿಯೋದೇ ತಪ್ಪಿ ಎಚ್‌ಸಿ ಏರುತ್ತೆ. ಹೊಸ ಪ್ಲಗ್ ಹಾಕಿದೆವು. ಟೈಮಿಂಗ್ ಹಿಂದಕ್ಕೆ ತಂದೆವು, ಹೊಗೆ ಬಿಸಿಯಾಗಿ ಉಳಿದ ಪೆಟ್ರೋಲು ಪೈಪಿನಲ್ಲೇ ಸ್ವಲ್ಪ ಉರಿಯುತ್ತೆ. ಐಡ್ಲಿಂಗ್ 850ರಿಂದ 1,100ಕ್ಕೆ ಏರಿಸಿದೆವು. ಕೊನೆಗೆ ದೊಡ್ಡಪ್ಪನ ಬ್ರಹ್ಮಾಸ್ತ್ರ: ಟ್ಯಾಪೆಟ್ ಗ್ಯಾಪ್ ಬೇಕಂತಲೇ ಜಾಸ್ತಿ ಬಿಡೋದು. ಆಗ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತೆ, ರೇಸ್ ಕ್ಯಾಮ್ ಸ್ವಲ್ಪ ಹೊತ್ತು ಸಾಧು ಆಗುತ್ತೆ. ಟಕಟಕ ಸದ್ದು ಮಾಡಿಕೊಂಡು ಹೋಗಿ ಟೆಸ್ಟ್ ಕೊಟ್ಟೆ. ಸಿಓ 2.2, ಎಚ್‌ಸಿ 1,390. ಪಾಸ್! ಆರ್‌ಸಿ ನವೀಕರಣವೂ ಆಯ್ತು. ಅವತ್ತು ಸಂಜೆಯೇ ಎಲ್ಲ ಸ್ಕ್ರೂ ಮತ್ತೆ ಮೊದಲಿನ ಜಾಗಕ್ಕೆ.

ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡಾಗ ಫೋಕ್ಸ್‌ವ್ಯಾಗನ್ ನೆನಪಾಯ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ಹಿಡಿದುಹಾಕಿದ ಹಗರಣ. ಕಾರಿನ ಸಾಫ್ಟ್‌ವೇರ್ ‘ಈಗ ಟೆಸ್ಟ್ ನಡೀತಿದೆ’ ಅಂತ ಪತ್ತೆ ಹಚ್ಚಿ ಸಾಧು ಆಗುತ್ತಿತ್ತು, ರಸ್ತೆಗೆ ಬಂದ ಮೇಲೆ ತನ್ನ ಬುದ್ಧಿ ತೋರಿಸುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು. ನಮ್ಮ ದೇಶದಲ್ಲೇ 3,23,700 ಕಾರು ವಾಪಸ್ ಕರೆಸ್ತೀವಿ ಅಂತ ಕಂಪನಿ ಹೇಳಿತು. ಆ ಸಾಫ್ಟ್‌ವೇರ್‌ಗೆ ಕೈ ಹಾಕಿದ ಎಂಜಿನಿಯರ್ ಒಬ್ಬ ಜೈಲಿಗೂ ಹೋದ. ಆಗ ನಮ್ಮ ಟೀಮಿನಲ್ಲಿ ಕಾಫಿ ಹೊತ್ತಿಗೆ ಇದೇ ಚರ್ಚೆ. ‘ಎಂಥ ಕಳ್ಳರಪ್ಪಾ, ಟೆಸ್ಟಿಗೊಂದು, ಪ್ರೊಡಕ್ಷನ್‌ಗೊಂದು!’ ಅಂತ ಜೋರಾಗಿ ಮಾತಾಡಿದ್ದು ನಾನೇ. ಈಗ ನಾನು ಮಾಡಿದ್ದೇನು? ಅವರು ಕೋಡ್ ಬರೆದರು, ನಾನು ಸ್ಕ್ರೂಡ್ರೈವರ್ ಹಿಡಿದೆ. ಅಷ್ಟೇ ವ್ಯತ್ಯಾಸ.

ಆದರೂ ಮಗ್ಗುಲು ಬದಲಿಸಿ ಮಲಗಿದೆ. ಎಲ್ಲರೂ ಮಾಡ್ತಾರೆ ಬಿಡು ಅನ್ನೋ ಸಮಾಧಾನ ಇದ್ದೇ ಇರುತ್ತಲ್ಲ.

ಆ ಸಮಾಧಾನ ಮುರಿದದ್ದು ಮುಂದಿನ ಅಮಾವಾಸ್ಯೆಗೆ. ಅಪ್ಪ-ಅವ್ವನನ್ನ ಹರಿಹರದಿಂದ ಊರಿಗೆ ಕರಕೊಂಡು ಬರ್ತಿದ್ದೆ. ಮಳೆಗಾಲ, ತುಂಗಭದ್ರೆ ಉಕ್ಕಿ ಫತ್ತೇಪುರದ ಕಡೆ ರಸ್ತೆ ಮುಳುಗಿತ್ತು. ಇದ್ದಬದ್ದ ಗಾಡಿಯೆಲ್ಲ ಒಂದೇ ದಾರಿಗೆ. ಊರ ಮುಂದೆ ಟ್ರ್ಯಾಕ್ಟರು, ಟೆಂಪೋ, ಬಸ್ಸು ಎಲ್ಲ ಸಿಕ್ಕಿಹಾಕಿಕೊಂಡು ನಲವತ್ತು ನಿಮಿಷ ಅಲ್ಲಾಡಲಿಲ್ಲ. ನಾನು ಎಂಜಿನ್ ಆಫ್ ಮಾಡಲಿಲ್ಲ. ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋದು ಕಷ್ಟ, ಅದೂ ಈ ಕ್ಯಾಮಿನ ಪ್ರಸಾದ. ‘ಧಡ್... ಧಡಧಡ್... ಧಡ್’. ಹಿಂದೆಯೇ ನಡೆದು ಹೋಗೋ ಭಕ್ತರ ಗುಂಪು. ಒಬ್ಬ ಅಜ್ಜಿ ಸೊಂಟದ ಮೇಲೆ ಮೊಮ್ಮಗು ಎತ್ತಿಕೊಂಡು ಸರಿಯಾಗಿ ಸೈಲೆನ್ಸರ್ ಪಕ್ಕ ಸಿಕ್ಕಿಹಾಕಿಕೊಂಡಿದ್ದಳು. ಮಗು ಕೆಮ್ಮಿ ಕೆಮ್ಮಿ ಅಳುತ್ತಿತ್ತು. ಅಜ್ಜಿ ಸೆರಗು ಅದರ ಮೂಗಿಗೆ ಒತ್ತಿ ಹಿಡಿದು ಕಿಟಕಿ ಬಡಿದಳು.

‘ಯಪ್ಪಾ, ಕಣ್ಣು ಉರೀತಾವು, ಗಾಡಿ ಬಂದ್ ಮಾಡಪ. ಇದಕ್ಕೂ ದೆವ್ವ ಬಡ್ಕೊಂಡೈತೇನು?’

ಸುತ್ತ ಇದ್ದವರು ನಕ್ಕರು. ನಾನು ಕೀ ತಿರುಗಿಸಿದೆ. ಒಮ್ಮೆಲೇ ನಿಶ್ಶಬ್ದ. ಆಗಲೇ ಹಿಂದಿನ ಸೀಟಿನಿಂದ ಅಪ್ಪನ ದಮ್ಮು ಕೇಳಿಸಿದ್ದು, ಸುಯ್ ಸುಯ್ ಅಂತ. ಅಷ್ಟು ಹೊತ್ತಿನಿಂದಲೂ ಇತ್ತಂತೆ. ‘ನಿನ್ನ ಗಾಡಿ ಸದ್ದಿಗೆ ನಿನಗೆ ಕೇಳಿಸಿಲ್ಲ ಬಿಡು’ ಅಂದಳು ಅವ್ವ. ಬೈಯೋ ದನಿಯಲ್ಲೂ ಅಲ್ಲ.

ಕಾನೂನು ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದನ್ನೆಲ್ಲ ಓದಿ, ಅಲಾಯ್ ವೀಲ್‌ನವರಿಗೆ ಹೇಳಿದ್ದು ಅಂತ ಅಂದುಕೊಂಡು ಸುಮ್ಮನಾಗಿದ್ದೆ. ಕಾನೂನಿನಲ್ಲಿ ಸಂದು ಹುಡುಕಬಹುದು. ಅಪ್ಪನ ದಮ್ಮಿನಲ್ಲಿ ಎಲ್ಲಿ ಹುಡುಕೋದು?

ಕಷ್ಟ ಆಗಿದ್ದು ದೊಡ್ಡಪ್ಪನಿಗೆ ಹೇಳೋದು. ಆ ಕ್ಯಾಮ್ ಅವರ ಕೈಯ ಕೆಲಸ, ಕಿರ್ಲೋಸ್ಕರ್ ಬಿಟ್ಟ ಮೇಲೆ ಅವರು ಮನಸ್ಸಿಟ್ಟು ಮಾಡಿದ ಒಂದೇ ಕೆಲಸ. ತೆಗೀರಿ ಅಂತ ಯಾವ ಬಾಯಲ್ಲಿ ಹೇಳಲಿ? ಅಳುಕುತ್ತಲೇ ಹೇಳಿದೆ. ಅವರು ಬೀಡಿ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಅಂದರು: ‘ಟ್ಯಾಪೆಟ್ ಸಡಿಲ ಬಿಟ್ಟು ಪಾಸ್ ಮಾಡಿಸಿದ ದಿನಾನೇ ನಂಗೆ ಸರಿ ಅನ್ಸಿರ್ಲಿಲ್ಲ ತಮ್ಮಾ. ಇನ್‌ಸ್ಪೆಕ್ಷನ್‌ನೋರು ಬಂದಾಗ ಒಂದು ಅಳತಿ, ಹೋದ್ಮ್ಯಾಲೆ ಒಂದು ಅಳತಿ ಅಂತ ನಾವು ಯಾವತ್ತೂ ಕೆಲಸ ಮಾಡ್ದೋರಲ್ಲ. ನಿನ್ನ ಖುಷಿಗೆ ಸುಮ್ಕಿದ್ದೆ.’

ಎದ್ದು ಹೋಗಿ ರ‍್ಯಾಕಿನ ಮೇಲಿಂದ ಗ್ರೀಸ್ ಹಚ್ಚಿ, ಪೇಪರ್ ಸುತ್ತಿ ಇಟ್ಟಿದ್ದ ಕಂಪನಿ ಕ್ಯಾಮ್ ತೆಗೆದರು. ಇಷ್ಟು ವರ್ಷ ಎಸೆಯದೆ ಇಟ್ಟುಕೊಂಡಿದ್ದರು!

ಮುಂದಿನ ಟೆಸ್ಟಿನಲ್ಲಿ ಸಿಓ 1.3, ಎಚ್‌ಸಿ 580 ಬಂತು. ಸುಳ್ಳು ಹೇಳಲ್ಲ, ಹೆದ್ದಾರಿಗೆ ಹತ್ತಿದಾಗ ಆ ಹಳೇ ಎಳೆತ ಇಲ್ಲ, ಕೈ ಇನ್ನೂ ಅದನ್ನೇ ಹುಡುಕುತ್ತೆ. ಉಜ್ಜಿದ ಕ್ಯಾಮ್ ಈಗ ಬೆಂಗಳೂರಿನ ನನ್ನ ಮೇಜಿನ ಮೇಲೆ, ಮಾನಿಟರ್ ಪಕ್ಕದಲ್ಲಿದೆ. ಟೆಸ್ಟ್ ಪಾಸಾಗಲಿ ಅಂತ ಕೋಡಿನಲ್ಲಿ ಏನಾದರೂ ಅಡ್ಡದಾರಿ ಹಿಡಿಯೋಣ ಅನಿಸಿದಾಗ ಅದು ಕಣ್ಣಿಗೆ ಬೀಳುತ್ತೆ.

ಹೋದ ಸಲ ಊರಿಗೆ ಹೋದಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂತು, ಕಿಟಕಿ ಇಳಿಸಿ, ಒಂದು ನಿಮಿಷ ಕಿವಿಗೊಟ್ಟು ಕೇಳಿದರು. ‘ಚಾಲೂ ಐತೇನೋ ಗಾಡಿ?’

‘ಐತಪ್ಪಾ.’

‘ಹಂಗಾರೆ ಬಿಟ್ಟೋತು ಬಿಡು’ ಅಂದರು.