ಅರ್ಚಕರ ಮಗನ ಕೈಯಾಗ ಲಾಂಗು

ಧಾರವಾಡದ ಮಾಳಮಡ್ಡಿಯ ಅಪರಾಧ ಲೋಕವೆಂದರೆ ನಸುಕಿನ ಹೂವಿನ ಕಳವು. ಮಗ್ಗಲಮನೆಯ ಕಂಪೌಂಡಿನಿಂದ ಹೊರಚಾಚಿದ ದಾಸವಾಳ ಹೋಗಿ ಸೇರುವುದು ದೇವರನ್ನೇ ಆದ್ದರಿಂದ ಯಾರೂ ಕೇಸು ಹಾಕುವುದಿಲ್ಲ. ಇಂಥ ಓಣಿಯಲ್ಲಿ ಕೂತು ಭೂಗತಲೋಕದ ಸಿನಿಮಾಕ್ಕೆ ಮಾರ್ಕು ಹಾಕುವುದು ಅಧಿಕಪ್ರಸಂಗವೇ ಸರಿ. ಆದರೆ ಪೆನ್ಶನ್‌ದಾರರಿಗೆ ಸಂಬಂಧವಿಲ್ಲದ ವಿಷಯ ಜಗತ್ತಿನಲ್ಲಿ ಯಾವುದಿದೆ?

"ರೌಡಿ ಪಿಚ್ಚರ್ ಅಂದ್ರ ಬರೇ ಹೊಡಿ-ಬಡಿ ಅಲ್ಲೇನ್ರೀ ರಾಯರ?" ಎಂದು ಹಿರಿಯರೊಬ್ಬರು ಮೂಗು ಮುರಿದರು. ಹಾಗಾದರೆ 1995ರ ‘ಓಂ’ ನೋಡಿ ಬಂದು ಇವರೇ ಮಂಕಾಗಿ ಕೂತದ್ದೇಕೆ? ನಿಜವಾದ ರೌಡಿಗಳನ್ನೇ ಕರೆತಂದು ಪಾರ್ಟು ಮಾಡಿಸಿದ್ದಾರೆಂದು ಆಗ ದೊಡ್ಡ ಗುಲ್ಲು. ನಮ್ಮ ಓಣಿಗೆ ಹೆದರಿಕೆ ಹುಟ್ಟಿಸಿದವರು ಅವರಲ್ಲ. ಶಿವರಾಜಕುಮಾರ್ ಮಾಡಿದ ಸತ್ಯ ಎಂಬ ಪಾತ್ರ. ನಿರ್ದೇಶಕ ಉಪೇಂದ್ರ ಲಾಂಗು ಕೊಟ್ಟದ್ದು ಅರ್ಚಕರ ಮಗನ ಕೈಗೆ! ಮಡಿ-ಮಂತ್ರದ ಮನೆಯಿಂದ ಎದ್ದುಹೋದವನು. ‘ಇಂವಾ ನಮ್ಮ ಆಚಾರ್ರ ಮಗಾನ ಆಗಬಹುದಿತ್ತಲ್ಲ’ ಅನ್ನಿಸಿದ ಗಳಿಗೆಗೆ ಹಿರಿಯರ ಎದೆ ಧಸಕ್ಕೆಂದಿತ್ತು.

ರೌಡಿ ಎಂಥ ಮನೆಯಿಂದ ಬಂದ ಎಂಬುದನ್ನು ತೋರಿಸದ ಸಿನಿಮಾ ನನ್ನ ಲೆಕ್ಕದಲ್ಲಿ ಬರೀ ಕಸರತ್ತು. 1972ರಲ್ಲಿ ಬಂದ ಕೊಪ್ಪೊಲಾನ ‘ದಿ ಗಾಡ್‌ಫಾದರ್’ ಶುರುವಾಗುವುದೇ ಮಗಳ ಮದುವೆಯಿಂದ. ಹೊರಗೆ ಹಾಡು-ಕುಣಿತ, ಒಳಗಿನ ಖೋಲಿಯಲ್ಲಿ ಅಹವಾಲು. ನಮ್ಮಲ್ಲೂ ಪಂಕ್ತಿ ಕೂತಾಗಲೇ ಅಲ್ಲವೇ ಒಳಗೆ ಹೊಲ-ಮನಿ ಹಿಸ್ಸೆಯ ಮಾತು ನಡೆಯುವುದು? ಮನೆತನದ ದಂಧೆಯೇ ಬೇಡವೆಂದು ದೂರವಿದ್ದ ಮೈಕೆಲ್ ಕೊನೆಗೆ ಅಪ್ಪನ ಗಾದಿ ಏರುತ್ತಾನೆ.

ಗಾದಿ ಅಂದಾಗ ನೆನಪಾಯಿತು. ನಮ್ಮ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ ‘ತುಘಲಕ್’ ಬರೆದ ಗಿರೀಶ ಕಾರ್ನಾಡರು ರೌಡಿಗಳ ಕಥೆಗೂ ಕೈಹಾಕಿದರು. 2007ರ ‘ಆ ದಿನಗಳು’ ಚಿತ್ರಕಥೆ ಅವರದು ಮತ್ತು ಅಗ್ನಿ ಶ್ರೀಧರ್ ಅವರದು. ಆಧಾರ ಶ್ರೀಧರ್ ಅವರದೇ ‘ದಾದಾಗಿರಿಯ ದಿನಗಳು’, ನಿರ್ದೇಶನ ಕೆ.ಎಂ. ಚೈತನ್ಯ. ಸುಲ್ತಾನನ ದರ್ಬಾರಿನ ಒಳಸಂಚು ಬರೆದವರಿಗೆ ಬೆಂಗಳೂರಿನ ಜಯರಾಜ್, ಕೊತ್ವಾಲರ ಪೈಪೋಟಿ ಏನು ಮಹಾ! ಈ ಚಿತ್ರದಲ್ಲಿ ಹೊಡೆದಾಟ ಕಮ್ಮಿ, ಕಾಯುವುದು ಹೆಚ್ಚು. ಕೊತ್ವಾಲ ರಾಮಚಂದ್ರನ ಜೊತೆ ಕೂತು ಹರಟಿದವರೇ ಅವನನ್ನು ಮುಗಿಸಬೇಕು. ನೋಡುವವನಿಗೆ ಕೂತಲ್ಲೇ ಬೆವರು.

‘ಓಂ’ ಆದಮೇಲೆ ಗಾಂಧಿನಗರದವರು ಲಾಂಗು ಎತ್ತಿಕೊಂಡರು, ಅರ್ಚಕರನ್ನು ಬಿಟ್ಟುಬಂದರು. 2005ರ ‘ಜೋಗಿ’ಯಲ್ಲಿ ಪ್ರೇಮ್ ಒಬ್ಬ ತಾಯಿಯನ್ನು ಬೆಂಗಳೂರಿನ ತುಂಬ ಅಲೆಸಿದರು, ಅರುಂಧತಿ ನಾಗ್ ಅವರ ಆ ಪಾತ್ರವಿಲ್ಲದಿದ್ದರೆ ಮಗ ಮಾದೇಶನನ್ನು ಇಷ್ಟು ವರ್ಷ ಯಾರು ನೆನೆಯುತ್ತಿದ್ದರು? ಉಳಿದ ಮಚ್ಚಿನ ಚಿತ್ರಗಳ ಹೆಸರು ಅವನ್ನು ತೆಗೆದವರಿಗಾದರೂ ನೆನಪಿದ್ದರೆ ಪುಣ್ಯ.

ನನ್ನನ್ನು ಕೇಳಿದರೆ ‘ಓಂ’ಗಿಂತ ‘ಆ ದಿನಗಳು’ ಒಂದು ಗುಲಗಂಜಿ ತೂಕ ಹೆಚ್ಚು. ಶಿವಣ್ಣನ ಅಭಿಮಾನಿಗಳು ಹೊಟ್ಟೆಗೆ ಹಾಕಿಕೊಳ್ಳಬೇಕು.