ಕುಲ ನೋಡೂದೋ, ಕಾಲು ನೋಡೂದೋ

ದನದ ಸಂತಿಯೊಳಗ ಮೊದಲನೇ ಪ್ರಶ್ನೆ ಯಾವಾಗಲೂ ಒಂದೇ: "ಯಾರ ಮನಿ ಹೋರಿಗೆ ಹುಟ್ಟಿದ್ದರೀ ಇದು?" ಬೈಲಹೊಂಗಲವಾಗಲಿ, ಸವದತ್ತಿಯಾಗಲಿ, ಶರ್ಯತ್ತಿನ ಎತ್ತು ಕೊಳ್ಳಲು ಬಂದವನು ಬಾಯಿ ತೆರೆಸಿ ಹಲ್ಲು ನೋಡುವ ಮೊದಲೇ ಇದನ್ನು ಕೇಳುತ್ತಾನೆ. ದಲ್ಲಾಳಿಯೂ ಅದನ್ನೇ ಮಾರುತ್ತಾನೆ. "ಅಸಲ ಖಿಲಾರಿ ಐತ್ರಿ, ಇಂಥಾ ಗೌಡರ ಬೀಜದ ಹೋರಿದು." ವಸ್ತ್ರದ ಕೆಳಗ ಬೆರಳು ಹಿಡಿದು ವ್ಯಾಪಾರ ನಡೆಯುವಾಗ ಆ ಗೌಡರ ಹೆಸರಿಗೇ ಒಂದು ಬೆರಳು ಜಾಸ್ತಿ.

ನಮ್ಮಪ್ಪ ಈ ಪ್ರಶ್ನೆ ಕೇಳಿದವನಲ್ಲ. ಅಂವಗ ಸ್ವಂತ ಎತ್ತು ಇರಲಿಲ್ಲ. ಬಾರುಕೋಲು, ಮಿಣಿ, ಜತಗಿ ಮಾಡಿಕೊಡುವುದು, ಸತ್ತ ದನ ಹೊತ್ತೊಯ್ದು ಸುಲಿಯುವುದು ಅವನ ಪಾಲಿಗೆ ಬಂದ ಕೆಲಸ. ಊರಿನ ಎತ್ತುಗಳ ಒಳಗನ್ನು ಅವನಷ್ಟು ನೋಡಿದವರು ಊರಾಗ ಯಾರೂ ಇರಲಿಲ್ಲ. ಯಾವ ಎತ್ತಿನ ಮೊಣಕಾಲ ಕೀಲು ಸವೆದಿತ್ತು, ಯಾವುದರ ಎದೆಗೂಡು ಇಕ್ಕಟ್ಟು, ಯಾವುದರ ಗುಂಡಿಗೆ ಎರಡು ಬೊಗಸೆ ತುಂಬುವಷ್ಟು, ಎಲ್ಲ ಅವನ ಕೈಗೆ ಗೊತ್ತಿತ್ತು. ಹಂಗಾಗಿ ಜೀವಂತ ಎತ್ತು ಕಂಡರೂ ಅಂವ ಒಳಗನ್ನೇ ನೋಡುತ್ತಿದ್ದ.

"ಸುಳಿ ಓಡೂದಿಲ್ಲೋ ತಮ್ಮಾ, ಕಾಲ ಓಡತಾವ" ಅನ್ನುತ್ತಿದ್ದ. ಗೊರಸು ಕರಿದಿರಬೇಕು, ಎರಡು ಉಗುರು ಬಿಗಿಯಾಗಿ ಕೂಡಿರಬೇಕು. ಮುಂಗಾಲುಗಳ ನಡುವೆ ಎದೆ ಅಗಲ ಬೇಕು. ಹುಡಿಮಣ್ಣಿನ ಮ್ಯಾಲೆ ನಡೆಸಿ ಹೆಜ್ಜೆ ನೋಡು. ಮುಂಗಾಲು ಎತ್ತಿದ ಜಾಗದಾಗ ಹಿಂಗಾಲು ಬೀಳಬೇಕು, ದಾಟಿ ಬಿದ್ದರ ಇನ್ನೂ ಚಲೋ. ಓಡಿಸಿ ನಿಲ್ಲಿಸು, ಏರಿಳಿಯುವ ಪಕ್ಕೆ ಎಷ್ಟೊತ್ತಿಗೆ ತಣ್ಣಗಾಗತದ ಎಣಿಸು. ಶರ್ಯತ್ತಿನ ಹೋರಿ ಕೊಳ್ಳುವ ಮುಂದ ದೊಡ್ಡ ಮನಿಯವರು ಅಪ್ಪನನ್ನು ಕರೆಸುತ್ತಿದ್ದರು. ಅಂಗಳದ ಹೊರಗೆ ನಿಲ್ಲಿಸಿ, "ಅಲ್ಲಿಂದನ ನೋಡಿ ಹೇಳಲೇ" ಎನ್ನುತ್ತಿದ್ದರು. ಸತ್ತ ಮೇಲೆ ಮುಟ್ಟಬೇಕಾದವನು ಅವನೇ. ಬದುಕಿದ್ದಾಗ, ಅದೂ ಪೂಜೆ ಮಾಡಿ ಕೊಂಬಿಗೆ ಬಣ್ಣ ಬಳಿದಾಗ, ಮುಟ್ಟಬಾರದವನೂ ಅವನೇ.

ಲಂಡನ್ನಿನಲ್ಲಿ ಇದೇ ಕೆಲಸ ಮಾಡಿದ ಒಬ್ಬನ ಕತೆ ಮುಂದೆ ನಾನು ಓದಿದೆ. 1789ರಲ್ಲಿ ಎಕ್ಲಿಪ್ಸ್ ಎಂಬ ಹೆಸರಾಂತ ಪಂದ್ಯದ ಕುದುರೆ ಸತ್ತಾಗ ಸೇಂಟ್ ಬೆಲ್ ಎಂಬ ಫ್ರೆಂಚ್ ವೈದ್ಯ ಅದನ್ನು ಕೊಯ್ದು ನೋಡಿದ. ಗುಂಡಿಗೆ 14 ಪೌಂಡು ತೂಗಿತು. ಎಲುಬು ಅಳೆದು ಪುಸ್ತಕ ಬರೆದ. 1791ರಲ್ಲಿ ಲಂಡನ್ನಿನಲ್ಲಿ ಪಶುವೈದ್ಯ ಕಾಲೇಜು ಶುರುವಾದಾಗ ಅವನೇ ಮೊದಲ ಪ್ರಾಧ್ಯಾಪಕ. ಸತ್ತ ಪ್ರಾಣಿ ಕೊಯ್ದವನಿಗೆ ಅಲ್ಲಿ ಕುರ್ಚಿ, ಇಲ್ಲಿ ಊರ ಹೊರಗ ಕೇರಿ.

ಅದೇ 1791ರಲ್ಲಿ ಇಂಗ್ಲೆಂಡಿನವರು ಕುದುರೆಗಳ ವಂಶಾವಳಿಯ ಪುಸ್ತಕವನ್ನೂ ಅಚ್ಚು ಹಾಕಿದರು. ಇವತ್ತು ಬೆಂಗಳೂರಿನ ರೇಸ್ ಕೋರ್ಸಿನಾಗ ಓಡುವ ಕುದುರೆಯಾಗಲಿ, ಕುಣಿಗಲ್ಲಿನ ಫಾರಮ್ಮಿನಲ್ಲಿ ಹುಟ್ಟಿದ ಮರಿಯಾಗಲಿ, ತಂದೆಯ ಕಡೆಯಿಂದ ಹಿಂದಕ್ಕೆ ಹೋದರೆ ಮೂರೇ ಗಂಡುಕುದುರೆಗಳಿಗೆ ಮುಟ್ಟುತ್ತದೆ. ಆ ಮೂರೂ ಇಂಗ್ಲೆಂಡಿನವಲ್ಲ, ಪೂರ್ವದೇಶಗಳಿಂದ ತಂದವು. ಶುದ್ಧ ರಕ್ತದ ಮೂಲವೇ ಪರದೇಶಿ! ನಮ್ಮ ಎರೆಹೊಲದ ಕೃಷ್ಣಾ ಕಣಿವೆ ತಳಿಯ ಕತೆಯೂ ಹಂಗ. ಹತ್ತೊಂಬತ್ತನೇ ಶತಮಾನದಾಗ ಸಾಂಗಲಿ, ಮಿರಜ, ಜಮಖಂಡಿ ಕಡೆಯ ಸಂಸ್ಥಾನಿಕರು ಗುಜರಾತದ ಗಿರ್, ಕಾಂಕ್ರೇಜ್, ತೆಲುಗು ನಾಡಿನ ಒಂಗೋಲ್, ಇಲ್ಲಿಯ ದನ ಎಲ್ಲ ಬೆರೆಸಿ ಕಟ್ಟಿದ ಬೆರಕೆ ಅದು. ಈಗ ಅದನ್ನೂ "ಅಸಲು" ಅನ್ನುತ್ತಾರೆ.

ಕುಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಕುದುರೆಯ ವಂಶಾವಳಿಗೆ ಒಂದು ಅರ್ಥವಿದೆ, ಯಾಕಂದರ ಅಲ್ಲಿ ಪರೀಕ್ಷೆ ಇದೆ. ಓಡದ ಕುದುರೆಯ ಬೀಜಕ್ಕೆ ಬೇಡಿಕೆ ಬೀಳುತ್ತದೆ. ನಮ್ಮೂರ ಕುಲಗಳಿಗೆ ಯಾರು, ಯಾವಾಗ ಓಟ ಇಟ್ಟಿದ್ದರು? (ಮನುಷ್ಯರಿಗೆ ಓಟ ಇಡಿರಿ ಅನ್ನುವುದೂ ನನ್ನ ಮಾತಲ್ಲ, ಅದು ಇನ್ನೊಂದು ಕೇಡು.) ಜಾತಿಯಿಂದ ತಳಿ ಸುಧಾರಿಸುತ್ತದೆ ಎಂಬ ವಾದವನ್ನು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಎತ್ತಿಕೊಂಡು ಕೆಡವಿದ್ದಾರೆ.

ಪರೀಕ್ಷೆ ಇದ್ದಲ್ಲಿಯೂ ಕುಲ ಕೈಕೊಡುತ್ತದೆ. 2006ರಲ್ಲಿ ಅಮೆರಿಕದಲ್ಲಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಕುದುರೆ 1 ಕೋಟಿ 60 ಲಕ್ಷ ಡಾಲರಿಗೆ ಹೋಯಿತು. ವಂಶದಲ್ಲಿ ದೊಡ್ಡ ದೊಡ್ಡ ಹೆಸರು, ನೋಡಲು ಲಕ್ಷಣ, ಮಾರಾಟಕ್ಕೆ ಮುಂಚೆ ಒಂದು ಫರ್ಲಾಂಗು 9.8 ಸೆಕೆಂಡಿನಾಗ ಓಡಿ ತೋರಿಸಿತ್ತು. ಆಮೇಲೆ ಮೂರು ಪಂದ್ಯ ಓಡಿತು, ಒಂದೂ ಗೆಲ್ಲಲಿಲ್ಲ. ಅದೇ ದೇಶದ ಜಾನ್ ಹೆನ್ರಿ 1,100 ಡಾಲರಿಗೆ ಹರಾಜಾದದ್ದು. ಹೇಳಿಕೊಳ್ಳುವ ಕುಲವಿಲ್ಲ, ಮೈ ಸಣ್ಣದು, ಮೊಣಕಾಲೂ ಸೊಟ್ಟ. ಅದು 65 ಲಕ್ಷ ಡಾಲರಿಗೂ ಮಿಕ್ಕಿ ಗೆದ್ದು 1981ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ ವರ್ಷದ ಕುದುರೆಯಾಯಿತು. ನಮ್ಮಪ್ಪನೂ ಅದನ್ನು ಆರಿಸುತ್ತಿರಲಿಲ್ಲ, ಖರೇ ಹೇಳಬೇಕಂದರ.

ಎಡಿನ್‌ಬರೋದ ಇಬ್ಬರು ವಿಜ್ಞಾನಿಗಳು 2008ರಲ್ಲಿ ಲೆಕ್ಕ ಹಾಕಿ ಅಚ್ಚು ಹಾಕಿಸಿದ್ದು ಇಷ್ಟು: ಒಂದು ಕುದುರೆ ಜೀವಮಾನದಲ್ಲಿ ಗೆಲ್ಲುವ ದುಡ್ಡಿಗೂ ಇನ್ನೊಂದು ಗೆಲ್ಲುವ ದುಡ್ಡಿಗೂ ಇರುವ ವ್ಯತ್ಯಾಸದಾಗ ಹುಟ್ಟಿನ ಪಾಲು ನೂರಕ್ಕೆ ಹತ್ತರಷ್ಟು. ಉಳಿದದ್ದರಲ್ಲಿ ಹೆಚ್ಚಿನದು ಯಾರು ಸಾಕಿದರು, ಯಾರು ಕಲಿಸಿದರು, ಯಾರು ಏರಿದರು, ಏನು ತಿನ್ನಿಸಿದರು ಎಂಬುದು. ಅಂದರೆ ಬೂಸಾ! (ಆ ಶಬ್ದದ ಸಲುವಾಗಿ 1973ರಾಗ ಏನೇನಾಯಿತು ಅನ್ನುವುದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ.)

ಕಿತ್ತೂರಿನವರು ನಾವು, ರಕ್ತದ ಪುಸ್ತಕ ಏನು ಮಾಡುತ್ತದೆ ಅಂತ ಬಲ್ಲವರು. 1824ರಲ್ಲಿ ದೇಸಾಯಿ ತೀರಿಕೊಂಡಾಗ, ಶಿವಲಿಂಗಪ್ಪ ದತ್ತಕ, ವಾರಸಾಗಲಾರ ಎಂದಿತು ಕಂಪನಿ ಸರಕಾರ. ಅದರ ಮೇಲೇ ಲಡಾಯಿ. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದ ಮೇಲೆ ಆ ದತ್ತಕ ಹುಡುಗನ ಪರವಾಗಿ ಬಂಡೆದ್ದವನು ಸಂಗೊಳ್ಳಿಯ ಕುರುಬರ ರಾಯಣ್ಣ. 1831ರಲ್ಲಿ ನಂದಗಡದಾಗ ಗಲ್ಲಿಗೇರಿದ.

ಶರ್ಯತ್ತುಗಳು 2014ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನಿಂತಿದ್ದವು. 2017ರಲ್ಲಿ ರಾಜ್ಯ ಕಾಯ್ದೆ ತಿದ್ದಿತು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೋದ ವರ್ಷ ರಾಮದುರ್ಗದ ಕಡೆ ಒಂದು ಜಾತ್ರೆಗೆ ಹೋಗಿದ್ದೆ. ಗೆದ್ದ ಜೋಡಿಯ ಕುಲವನ್ನು ಮೈಕಿನಾಗ ಮೂರು ತಲೆಮಾರಿನ ತನಕ ಹೇಳಿದರು. ಮಾಲಕರಿಗೆ ರುಮಾಲು ಸುತ್ತಿದರು. ಚಕ್ಕಡಿ ಹೊಡೆದ ಹುಡುಗ ನಮ್ಮ ಕೇರಿಯವನು; ಆರು ತಿಂಗಳು ಕೊಟ್ಟಿಗೆಯಾಗ ಮಲಗಿ ಆ ಎತ್ತುಗಳಿಗೆ ಹುರುಳಿ ಬೇಯಿಸಿ ಹಾಕಿದವನು. ಗದ್ದಲದಿಂದ ಆಚೆ, ಬೇವಿನ ಮರದ ಕೆಳಗ ಕೂತು ಎಡದ ಎತ್ತಿನ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು, ನಡುವೆ ಸಿಕ್ಕಿದ್ದ ಹರಳು ತೆಗೆಯುತ್ತಿದ್ದ.

"ಏನ ಹೆಸರಪಾ ಇದರದು?" ಎಂದು ಕೇಳಿದೆ.

"ಮಾಲಕರ ಇಟ್ಟದ್ದ ಕೇಳತೀರೋ, ನಾ ಕರೆಯೂದೋ ಸರ?" ಅಂದ, ತಲೆ ಎತ್ತದೆ.